ಆಗುಂಬೆ ಇಳಿದು ಲಾವಾ ಕಲ್ಲು ನೋಡಲು ಹೊರಡುವವರಿಗೆ

ಕೊಡಚಾದ್ರಿಯ ತುದಿ ನೋಡಿ ಅದು ನಂದಿದ ಜ್ವಾಲಾಮುಖಿ ಎನ್ನುವವರಿದ್ದಾರೆ. ಅಲ್ಲ. ಇಲ್ಲಿ ಮನೆ ಕಟ್ಟಲು ಬಳಸುವ ಕೆಂಪು ಕಲ್ಲು ಜಂಬಿಟ್ಟಿಗೆಯ ತೂತುಗಳೂ ಲಾವಾದ ಗುಳ್ಳೆಗಳಲ್ಲ. ಅವು ಲಕ್ಷಾಂತರ ಮಳೆಗಾಲ ಕಲ್ಲಿನೊಳಗೆ ಕರಗುವುದನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿದ ಗುರುತು. ಬಾಬಾಬುಡನ್ ಗಿರಿ, ಶಿವಮೊಗ್ಗ ಕಡೆ 250 ಕೋಟಿ ವರ್ಷಕ್ಕೂ ಹಳೆಯ ಲಾವಾ ಇದೆ ನಿಜ, ಆದರೆ ಶಾಖ, ಒತ್ತಡಕ್ಕೆ ಸಿಕ್ಕಿ ರೂಪವೇ ಬದಲಾಗಿದೆ. ಪಳಗಿದ ಕಣ್ಣಿಗಷ್ಟೇ ಕಾಣುತ್ತದೆ. ಲಾವಾ ಹೆಪ್ಪುಗಟ್ಟಿದ ಬಗೆ ಸಲೀಸಾಗಿ ಕಾಣಬೇಕೆಂದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ.

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ದಾಟಿ ಮಲ್ಪೆಗೆ ಸುಮಾರು 150 ಕಿ.ಮೀ. ನಾಲ್ಕು ತಾಸು ಇಟ್ಟುಕೊಳ್ಳಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಭಾರಿ ವಾಹನ ಬಿಡುವುದಿಲ್ಲ; ದೊಡ್ಡ ಬಸ್ ಮಾಡಿಕೊಂಡವರು ಮೊದಲೇ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟೇ ಇಲ್ಲ. ಡಿಸೆಂಬರ್, ಜನವರಿ ಒಳ್ಳೆಯದು.

ಅಲ್ಲಿ ಬಾಯ್ದೆರೆದ ಬೆಟ್ಟ ಹುಡುಕಿದರೆ ನಿರಾಸೆಯೇ. ಭೂಮಿಯೊಳಗಿನ ಬಿಸಿ ಬಂಡೆ ಸಾಮಾನ್ಯವಾಗಿ ಘನವಾಗಿಯೇ ಇರುತ್ತದೆ. ಮೇಲಿನ ಒತ್ತಡ ಇಳಿದರೆ, ನೀರಿನಂಶ ಸೇರಿದರೆ, ಇಲ್ಲವೇ ಆಳದಿಂದ ಹೆಚ್ಚು ಶಾಖ ಬಂದರೆ ಒಂದಷ್ಟು ಕರಗಿ ಶಿಲಾಪಾಕವಾಗುತ್ತದೆ. ಸುತ್ತಲ ಬಂಡೆಗಿಂತ ಹಗುರವಾದ್ದರಿಂದ ಮೇಲೇರಿ, ಬಿರುಕು ಸಿಕ್ಕಲ್ಲಿ ಹೊರಬೀಳುತ್ತದೆ; ಬೆಟ್ಟದ ಬಾಯಿಯೇ ಬೇಕೆಂದಿಲ್ಲ. ಮರಳಿನಲ್ಲಿರುವಂಥ ಸಿಲಿಕಾ ಅದರಲ್ಲಿ ಕಡಿಮೆಯಿದ್ದರೆ ತೆಳುವಾಗಿ ಹರಿಯುತ್ತದೆ, ಹೆಚ್ಚಿದ್ದರೆ ಅಂಟಂಟಾಗಿ ಅನಿಲವನ್ನು ಒಳಗೇ ಹಿಡಿದು ಸಿಡಿಯಬಲ್ಲದು. ದ್ವೀಪದ ಕಲ್ಲನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆಯಿರುವ ಲಾವಾ ಕಲ್ಲು, ಎಂದೇ ಕರೆಯುವ ರೂಢಿ, ಆದರೆ ಇದು ಸಿಲಿಕಾ ಹೆಚ್ಚಿರುವ ಜಾತಿ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು.

ದ್ವೀಪದಲ್ಲಿ ನೋಡಬೇಕಾದ್ದು ಕಲ್ಲಿನ ಕಂಬಗಳನ್ನು. ನೀರು ಬಸಿದ ಗದ್ದೆಯ ಕೆಸರು ಒಣಗಿ ಬಿರಿಯುವಂತೆ, ಆರುತ್ತಿದ್ದ ಲಾವಾ ಕುಗ್ಗಿ ಬಿರಿದಿದೆ. ಬಿರುಕು ತಣ್ಣಗಾಗುವ ಮೇಲ್ಮೈಗೆ ಲಂಬವಾಗಿ ಒಳಗಿಳಿಯುವುದರಿಂದ ಕಂಬಗಳಾಗಿವೆ. ಎಲ್ಲವೂ ಆರು ಮುಖದವಲ್ಲ. ಐದು, ಏಳೂ ಸಿಗುತ್ತವೆ, ಎಣಿಸಿ ನೋಡಿ. ನಿಧಾನವಾಗಿ ಆರಿದಷ್ಟೂ ಕಂಬ ದಪ್ಪ.

ಸಮುದ್ರದ ಇಳಿತದ ಹೊತ್ತಿಗೆ ಹೋದರೆ ಬುಡದವರೆಗೂ ಕಾಣುತ್ತದೆ, ಆದರೆ ಪಾಚಿ ಹಿಡಿದ ಕಲ್ಲು ಜಾರುತ್ತದೆ. ದಡದಲ್ಲಿ ಚಿಪ್ಪುಗಳೇ ಹೆಚ್ಚು. ಹವಾಯಿ ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ನೆರಳು ಕಮ್ಮಿ, ತಲೆಗೆ ಟೋಪಿ ಇರಲಿ. ಬೋಟು ಜನ ತುಂಬಿದ ಮೇಲೆ ಹೊರಡುವುದರಿಂದ ವಾರದ ದಿನ ಕಾಯಬೇಕಾಗಬಹುದು. ಕೊನೆಯ ಬೋಟಿನ ಸಮಯವನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ, ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ.