ಮೂರು ಪೇಜ್‌ಗಳಿಗಾಗಿ ನಿಂತುಹೋದ 128 ಎಂಬಿ

ಬೆಳಗ್ಗೆ ಹಾಕಿಕೊಂಡ ಕೆಲಸ ಚಿಕ್ಕದು. ಲಿನಕ್ಸ್ 6.1 ಕರ್ನಲ್ ಓಡುತ್ತಿದ್ದ ಕ್ಯೂಎಮು ವರ್ಚುವಲ್ ಯಂತ್ರಕ್ಕೆ 2 ಜಿಬಿಯ ಡಿಮ್ (ಮೆಮೊರಿ ಮಾಡ್ಯೂಲ್) ಒಂದನ್ನು ಓಡುತ್ತಿರುವಾಗಲೇ ಸೇರಿಸಬೇಕು, ಒಂದು ಡ್ರೈವರ್‌ನ ಪರೀಕ್ಷೆಗಳನ್ನು ಅದರ ಮೇಲೆ ಓಡಿಸಬೇಕು, ಆಮೇಲೆ ಡಿಮ್ ತೆಗೆಯಬೇಕು. ಎಕ್ಸ್86ನ ಇಂಥ ಚಿಕ್ಕ ಯಂತ್ರದಲ್ಲಿ ಮೆಮೊರಿ ಬ್ಲಾಕ್ (ಒಮ್ಮೆಗೆ ಸೇರಿಸುವ ಇಲ್ಲವೇ ತೆಗೆಯುವ ತುಂಡು) ಅಂದರೆ 128 ಎಂಬಿ, ಹಾಗಾಗಿ 2 ಜಿಬಿಗೆ 16 ಬ್ಲಾಕ್. ಎಲ್ಲವನ್ನೂ ಮೂವಬಲ್ ಝೋನ್‌ಗೆ, ಅಂದರೆ ಬೇರೆಡೆ ಸಾಗಿಸಬಲ್ಲ ಪೇಜ್‌ಗಳಿಗೆ (ಪೇಜ್ ಅಂದರೆ ಮೆಮೊರಿಯ 4 ಕೆಬಿ ತುಣುಕು) ಮೀಸಲಾದ ಭಾಗಕ್ಕೆ, ಸೇರುವಂತೆ ಆನ್‌ಲೈನ್ ಮಾಡಿದ್ದಾಗಿತ್ತು. ತೆಗೆಯುವಾಗ ಒಂದೊಂದು ಬ್ಲಾಕಿನ ಸ್ಟೇಟ್ ಫೈಲಿಗೂ ಆಫ್‌ಲೈನ್ ಎಂದು ಬರೆಯುತ್ತಾ ಹೋದರಾಯಿತು, ಕರ್ನಲ್ ಅದರ ಪೇಜ್‌ಗಳನ್ನು ಬೇರೆಡೆ ಸಾಗಿಸಿ (ಮೈಗ್ರೇಟ್ ಮಾಡಿ) ಬ್ಲಾಕ್ ಖಾಲಿ ಮಾಡುತ್ತದೆ. ಹದಿನೈದು ಬ್ಲಾಕ್ ಸರಸರನೆ ಹೋದವು. ಹದಿನಾರನೆಯದಕ್ಕೆ ಬರೆದ ಕಮಾಂಡ್ ವಾಪಸ್ ಬರಲೇ ಇಲ್ಲ.

ಇದು ಹ್ಯಾಂಗ್ ಅಲ್ಲ. ಆಫ್‌ಲೈನ್ ಮಾಡುವ ಕೋಡ್ ಬರೆದಿರುವುದೇ ಹಾಗೆ: ಸಿಗ್ನಲ್ ಬರುವ ತನಕ ಪ್ರಯತ್ನ ಬಿಡುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಹಾಕುವವರು ಮುಂದೆ ಟೈಮ್‌ಔಟ್ ಕಟ್ಟಿಕೊಳ್ಳುವುದು ಕ್ಷೇಮ. ಕಂಟ್ರೋಲ್-ಸಿ ಒತ್ತಿ ಡಿಮೆಸೇಜ್ (ಕರ್ನಲ್‌ನ ಸಂದೇಶಗಳ ದಾಖಲೆ) ತೆರೆದರೆ ಒಂದೇ ಸಾಲು ಸಾಲುಗಟ್ಟಿ ನಿಂತಿತ್ತು: ಇಂಥ ಪಿಎಫ್‌ಎನ್ (ಪೇಜ್‌ನ ಕ್ರಮಸಂಖ್ಯೆ) ಮೈಗ್ರೇಟ್ ಮಾಡಲಾಗಲಿಲ್ಲ, ರೆಟ್ 3. ಈ 3 ಎರರ್ ಕೋಡ್ ಅಲ್ಲ, ಸಾಗಿಸಲಾಗದೆ ಉಳಿದ ಪೇಜ್‌ಗಳ ಎಣಿಕೆ. ಎರರ್ ಕೋಡ್ ಎಂದುಕೊಂಡು ಹುಡುಕಲು ಹೊರಟವರು ಬೇರೆ ದಾರಿಗೇ ಬೀಳುತ್ತಾರೆ. ಪ್ರತಿ ಸಾಲಿನ ಕೆಳಗೆ ಆ ಪೇಜ್‌ನ ಡಂಪ್: ರೆಫ್‌ಕೌಂಟ್ (ಪೇಜನ್ನು ಹಿಡಿದಿರುವವರ ಎಣಿಕೆ) 2, ಮ್ಯಾಪ್‌ಕೌಂಟ್ (ಪ್ರೋಸೆಸ್‌ಗಳು ತಮ್ಮ ವಿಳಾಸಗಳಿಗೆ ಜೋಡಿಸಿಕೊಂಡ ಎಣಿಕೆ) 0.

ಬ್ಲಾಕಿನಲ್ಲಿರುವ 32,768 ಪೇಜ್‌ಗಳಲ್ಲಿ ಮೂರೇ ಮೂರು ಅಡ್ಡ ಕೂತಿದ್ದವು. ಯಾಕೆ ಎಂಬುದಕ್ಕೆ ಮೈಗ್ರೇಶನ್ ಮಾಡುವ ಲೆಕ್ಕ ನೋಡಬೇಕು. ಒಂದು ಅನಾನಿಮಸ್ (ಯಾವ ಫೈಲಿಗೂ ಸೇರದ) ಪೇಜನ್ನು ಒಂದೇ ಪ್ರೋಸೆಸ್ ಮ್ಯಾಪ್ ಮಾಡಿಕೊಂಡಿದೆ ಎನ್ನಿ. ಆಗ ರೆಫ್‌ಕೌಂಟ್ 1. ಸಾಗಿಸಲು ಬಂದವನು ಎಲ್‌ಆರ್‌ಯು ಪಟ್ಟಿಯಿಂದ (ಬಳಕೆಯ ಹೊಸತು ಹಳತು ನೋಡಿ ಪೇಜ್‌ಗಳನ್ನು ಜೋಡಿಸಿದ್ದು) ಬೇರ್ಪಡಿಸುವಾಗ ತನ್ನದೊಂದು ಸೇರಿಸಿ 2 ಮಾಡುತ್ತಾನೆ. ಪೇಜನ್ನು ಲಾಕ್ ಮಾಡಿ, ಪೇಜ್ ಟೇಬಲ್‌ನ ನಮೂದು ಕಿತ್ತು, ಅಲ್ಲಿ ಮೈಗ್ರೇಶನ್ ಎಂಟ್ರಿ ಇಡುತ್ತಾನೆ. ಎಣಿಕೆ ಮತ್ತೆ 1ಕ್ಕೆ ಇಳಿಯುತ್ತದೆ. ಈಗ ಉಳಿದಿರುವ ಒಂದು ಅವನದೇ. ಪೇಜ್ ಕ್ಯಾಶ್‌ನಲ್ಲಿ (ಫೈಲ್‌ಗಳ ಡೇಟಾ ಮೆಮೊರಿಯಲ್ಲಿಡುವ ಜಾಗ) ಇರುವ ಪೇಜ್ ಆದರೆ ಕ್ಯಾಶ್ ಇಟ್ಟುಕೊಂಡ ಒಂದು, ಬಫರ್ ಹೆಡ್‌ನಂಥ ಖಾಸಗಿ ಮಾಹಿತಿ ಅಂಟಿಕೊಂಡಿದ್ದರೆ ಇನ್ನೊಂದು, ಹೀಗೆ ನಿರೀಕ್ಷಿತ ಎಣಿಕೆ ಏರುತ್ತದೆ. ಅಸಲಿ ಎಣಿಕೆ ನಿರೀಕ್ಷಿತಕ್ಕಿಂತ ಒಂದೇ ಒಂದು ಹೆಚ್ಚಿದ್ದರೂ ಆ ಪೇಜ್‌ಗೆ ಎಲ್ಲೋ ಪಾಯಿಂಟರ್ ಹಿಡಿದವರಿದ್ದಾರೆ ಎಂದರ್ಥ. ನಕಲು ಮಾಡಿ ಹಳೆಯದನ್ನು ಬಿಟ್ಟುಕೊಟ್ಟರೆ ಆ ಪಾಯಿಂಟರ್ ನಾಳೆ ಇನ್ನೊಬ್ಬರ ಡೇಟಾದ ಮೇಲೆ ಬರೆಯುತ್ತದೆ. ಕರ್ನಲ್ ಆ ಅಪಾಯಕ್ಕೆ ಕೈಹಾಕದೆ 'ಆಮೇಲೆ ಬಾ' ಎಂಬ ಉತ್ತರ ಕೊಟ್ಟು, ಮ್ಯಾಪಿಂಗ್ ಮತ್ತೆ ಜೋಡಿಸಿ ಹಿಂದೆ ಸರಿಯುತ್ತದೆ.

ನಮ್ಮ ಡಂಪ್‌ನಲ್ಲಿ ಮ್ಯಾಪ್‌ಕೌಂಟ್ 0, ಅಂದರೆ ಪರೀಕ್ಷಾ ಪ್ರೋಗ್ರಾಂ ಸತ್ತು ಮ್ಯಾಪಿಂಗ್ ಹೋಗಿದೆ. ರೆಫ್‌ಕೌಂಟ್ 2ರಲ್ಲಿ ಒಂದು ಸಾಗಿಸುವವನದು. ಇನ್ನೊಂದಕ್ಕೆ ವಾರಸುದಾರರಿಲ್ಲ.

ಹೆಚ್ಚುವರಿ ಎಣಿಕೆ ಕಂಡಾಕ್ಷಣ ಸೋರಿಕೆ ಎಂದು ಕೂಗುವುದು ತಪ್ಪು. ಪ್ರತಿ ಸಿಪಿಯುವಿನ ಎಲ್‌ಆರ್‌ಯು ಬ್ಯಾಚ್ ಈ ಕರ್ನಲ್‌ನಲ್ಲಿ 15 ಪೇಜ್‌ಗಳ ತನಕ ಒಂದೊಂದು ಎಣಿಕೆ ಹಿಡಿದು ಕೂತಿರುತ್ತದೆ. ಅದಕ್ಕೇ ಆಫ್‌ಲೈನ್ ಮಾಡುವ ಮುನ್ನ ಎಲ್ಲ ಸಿಪಿಯುಗಳ ಬ್ಯಾಚ್‌ಗಳನ್ನು ಬರಿದು ಮಾಡುವುದು. ನಡೆಯುತ್ತಿರುವ ಐಓ ಕೂಡ ಕ್ಷಣಕಾಲ ಹಿಡಿದಿರಬಹುದು. ಇಂಥವಕ್ಕೆಂದೇ ಮೈಗ್ರೇಶನ್ ಕೋಡ್ 10 ಸುತ್ತು ಹೊಡೆಯುತ್ತದೆ. ಸುತ್ತಿನಿಂದ ಸುತ್ತಿಗೆ ಪಿಎಫ್‌ಎನ್ ಬದಲಾಗುತ್ತಿದ್ದರೆ ಕಾಯಬಹುದು. ಇಲ್ಲಿ ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ ಮೂರು.

ಪೇಜ್ ಓನರ್ ಆನ್ ಮಾಡಿಯೇ ಬೂಟ್ ಮಾಡಿದ್ದರಿಂದ ಡಂಪ್‌ನ ಜೊತೆಗೇ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿ) ಸಿಕ್ಕಿತು. ಉಪಯೋಗಕ್ಕೆ ಬರಲಿಲ್ಲ. ಅದು ಹೇಳುವುದು ಪೇಜನ್ನು ಹಂಚಿಸಿಕೊಂಡವರು ಯಾರು ಎಂದು: ಪರೀಕ್ಷಾ ಪ್ರೋಗ್ರಾಂನ ಪೇಜ್ ಫಾಲ್ಟ್. ಆಮೇಲೆ ಎಣಿಕೆ ಏರಿಸಿದವರ ಸುದ್ದಿ ಅದರಲ್ಲಿರುವುದಿಲ್ಲ. ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್‌ನ ಕೆಪೇಜ್‌ಕೌಂಟ್ ಫೈಲನ್ನು ನಂಬಿ ಮೋಸಹೋಗುವುದೂ ಸಾಮಾನ್ಯ. ಹೆಸರಲ್ಲಿ ಕೌಂಟ್ ಇದ್ದರೂ ಅದು ಕೊಡುವುದು ಮ್ಯಾಪ್ ಆದ ಸಂಖ್ಯೆ. ರೆಫ್‌ಕೌಂಟ್‌ನ ಏರಿಳಿತ ನೋಡಲು ಪೇಜ್ ರೆಫ್ ಟ್ರೇಸ್‌ಪಾಯಿಂಟ್‌ಗಳೇ (ಕರ್ನಲ್ ಕೋಡ್‌ನಲ್ಲಿ ಘಟನೆ ದಾಖಲಿಸುವ ಜಾಗಗಳು) ಬೇಕು, ಅವಕ್ಕೆ ಡೀಬಗ್ ಪೇಜ್ ರೆಫ್ ಎಂಬ ಕಾನ್ಫಿಗ್ ಹಾಕಿ ಕರ್ನಲ್ ಮರುಬಿಲ್ಡ್ ಮಾಡಬೇಕು. ಊಟದ ಹೊತ್ತು ಅದಕ್ಕೇ ಹೋಯಿತು.

ಫಿಲ್ಟರ್ ಇಲ್ಲದೆ ಈ ಟ್ರೇಸ್ ಹಚ್ಚಿದರೆ ಪ್ರವಾಹ. ಪಿಎಫ್‌ಎನ್ ಕೊಟ್ಟು ಹಚ್ಚೋಣವೆಂದರೆ, ಸೋರಿಕೆ ಆಗುವ ಮೊದಲೇ ಪಿಎಫ್‌ಎನ್ ಗೊತ್ತಿರಬೇಕು. ಮಾಡಿದ ಉಪಾಯ: ಪ್ರೋಗ್ರಾಂ 16 ಕೆಬಿ ಬಫರ್ ತೆಗೆದುಕೊಂಡು, ಪ್ರತಿ ಪೇಜ್‌ಗೂ ಒಂದು ಬೈಟ್ ಬರೆದು, ತನ್ನ ಪೇಜ್‌ಮ್ಯಾಪ್ (ಯಾವ ವಿಳಾಸ ಯಾವ ಪೇಜ್‌ನಲ್ಲಿದೆ ಎಂದು ಹೇಳುವ ಫೈಲ್) ಓದಿ ಪಿಎಫ್‌ಎನ್ ಮುದ್ರಿಸಿ, ಎಂಟರ್ ಒತ್ತುವ ತನಕ ಕಾಯುವುದು. ಪೇಜ್‌ಮ್ಯಾಪ್‌ನಲ್ಲಿ ಪೇಜ್ ಒಂದಕ್ಕೆ 8 ಬೈಟ್, ಕೆಳಗಿನ 55 ಬಿಟ್ ಪಿಎಫ್‌ಎನ್. ರೂಟ್ ಆಗಿರದಿದ್ದರೆ ಬರೀ ಸೊನ್ನೆ ಬರುತ್ತದೆ. ಬೈಟ್ ಬರೆಯಲೇಬೇಕು, ಓದಿದರೆ ಎಲ್ಲರೂ ಹಂಚಿಕೊಳ್ಳುವ ಝೀರೋ ಪೇಜ್ ಸಿಗುತ್ತದೆ. ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ (ಚಿಕ್ಕ ಪೇಜ್‌ಗಳ ಬದಲು ಒಂದೇ ದೊಡ್ಡದು ಕೊಡುವುದು) ಆಫ್ ಆಗಿರಬೇಕು, ಇಲ್ಲವಾದರೆ 512 ಪೇಜ್‌ಗಳ ಎಣಿಕೆಯೆಲ್ಲ ಹೆಡ್ ಪೇಜ್‌ನಲ್ಲೇ ಸೇರಿ ಗೋಜಲಾಗುತ್ತದೆ. ಬಫರ್‌ಗೆ ಎಂಲಾಕ್ (ಮೆಮೊರಿಯಲ್ಲೇ ಉಳಿಸುವ ಕರೆ) ಹಾಕಿದೆವಲ್ಲ, ಪಿಎಫ್‌ಎನ್ ಕದಲದು ಎಂದುಕೊಳ್ಳಬೇಡಿ. ಎಂಲಾಕ್ ಸ್ವಾಪ್ ಆಗುವುದನ್ನಷ್ಟೇ ತಡೆಯುತ್ತದೆ, ಕಂಪ್ಯಾಕ್ಷನ್ (ಚದುರಿದ ಖಾಲಿ ಜಾಗ ಒಟ್ಟುಗೂಡಿಸುವ ಕೆಲಸ) ಬಂದು ಪೇಜ್ ಎತ್ತಿಕೊಂಡು ಹೋಗಬಹುದು.

ಒಂದು ಪಿಎಫ್‌ಎನ್‌ಗೆ ಫಿಲ್ಟರ್ ಮತ್ತು ಸ್ಟ್ಯಾಕ್‌ಟ್ರೇಸ್ ಟ್ರಿಗರ್ ಹಚ್ಚಿ, ಪರೀಕ್ಷೆಗಳನ್ನು ಒಂದೊಂದಾಗಿ ಓಡಿಸಿದೆವು. ಸರಿಯಾದ ಬಫರ್ ಕೊಟ್ಟಾಗ ಪ್ಲಸ್ 1, ಸ್ವಲ್ಪ ಹೊತ್ತಿಗೆ ಮೈನಸ್ 1. ಬಫರ್‌ನ ನಾಲ್ಕನೇ ಪೇಜನ್ನು ಅನ್‌ಮ್ಯಾಪ್ ಮಾಡಿ ಕೊಟ್ಟಾಗ ಪ್ಲಸ್ 1 ಬಂತು, ಮೈನಸ್ ಬರಲಿಲ್ಲ. ಸ್ಟ್ಯಾಕ್ ತೋರಿಸಿದ್ದು ಪ್ರೋಗ್ರಾಂನ ಪೇಜ್‌ಗಳನ್ನು ಎಣಿಕೆ ಏರಿಸಿ ಹಿಡಿದುಕೊಡುವ ಗೆಟ್ ಯೂಸರ್ ಪೇಜಸ್ ಫಾಸ್ಟ್ ಫಂಕ್ಷನನ್ನು ಡ್ರೈವರ್ ಕರೆಯುವ ಜಾಗವನ್ನು. ನಾಲ್ಕು ಕೇಳಿದಾಗ ಮೂರು ಸಿಕ್ಕರೆ ಆ ಫಂಕ್ಷನ್ ಎರರ್ ಕೊಡುವುದಿಲ್ಲ, 3 ಎಂದೇ ಹಿಂತಿರುಗಿಸುತ್ತದೆ. ಡ್ರೈವರ್, ಕೇಳಿದಷ್ಟು ಬರಲಿಲ್ಲ ಎಂದು ನೋಡಿ ಈಫಾಲ್ಟ್ (ತಪ್ಪು ವಿಳಾಸ ಎಂಬ ಎರರ್) ಕೊಟ್ಟು ಹೊರಟುಬಿಡುತ್ತಿತ್ತು. ಕೈಗೆ ಬಂದ ಮೂರನ್ನು ಬಿಡುವ ಸಾಲೇ ಅಲ್ಲಿರಲಿಲ್ಲ. ರಿವ್ಯೂನಲ್ಲಿ ಇಂಥದ್ದು ಕಣ್ತಪ್ಪುವುದು ಸಹಜ, ಎರರ್ ದಾರಿ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ.

ಸಿಕ್ಕಷ್ಟನ್ನು ಬಿಡುವ ಎರಡು ಸಾಲು ಸೇರಿಸಿದರೆ ಸೋರಿಕೆ ನಿಲ್ಲುತ್ತದೆ. ಆದರೆ ಈ ಡ್ರೈವರ್ ಡಿಎಂಎಗಾಗಿ (ಸಾಧನ ತಾನೇ ನೇರವಾಗಿ ಮೆಮೊರಿ ಓದಿ ಬರೆಯುವುದು) ಬಫರನ್ನು ನಿಮಿಷಗಟ್ಟಲೆ ಹಿಡಿದಿರುತ್ತದೆ, ಅಂಥದ್ದಕ್ಕೆ 2020ರಲ್ಲಿ 5.6 ಕರ್ನಲ್‌ನಲ್ಲಿ ಬಂದ ಪಿನ್ ಯೂಸರ್ ಪೇಜಸ್ ಬಳಗವೇ ತಕ್ಕದ್ದು. ಲಾಂಗ್‌ಟರ್ಮ್ ಫ್ಲ್ಯಾಗ್ ಜೊತೆಗೆ ಕರೆದರೆ ಪಿನ್ ಮಾಡುವ ಮೊದಲೇ ಪೇಜ್‌ಗಳನ್ನು ಮೂವಬಲ್ ಝೋನ್‌ನಿಂದ ಆಚೆ ಸಾಗಿಸುತ್ತದೆ, ಆಮೇಲೆ ಬ್ಲಾಕ್ ತೆಗೆಯಲು ಅಡ್ಡಿಯಿಲ್ಲ. ಇನ್ನೊಂದು ಲಾಭ: ಸಾಧಾರಣ ಪೇಜ್‌ಗೆ ಒಂದು ಪಿನ್ ಅಂದರೆ ರೆಫ್‌ಕೌಂಟ್ 1024 ಏರುತ್ತದೆ. ನಮ್ಮ ಸೋರಿಕೆ ಪಿನ್‌ನದ್ದಾಗಿದ್ದರೆ ಡಂಪ್‌ನಲ್ಲಿ 2ರ ಬದಲು 1025 ಕಾಣುತ್ತಿತ್ತು, ಯಾವ ಕಡೆ ನೋಡಬೇಕೆಂದು ಬೆಳಗ್ಗೆಯೇ ತಿಳಿಯುತ್ತಿತ್ತು. ಬದಲಾಯಿಸುವಾಗ ಜೋಡಿ ತಪ್ಪಬಾರದು: ಗೆಟ್ ಮಾಡಿದ್ದನ್ನು ಅನ್‌ಪಿನ್ ಮಾಡಿದರೆ 1 ಇರುವಲ್ಲಿಂದ 1024 ಕಳೆಯುತ್ತದೆ, ಪಿನ್ ಮಾಡಿದ್ದನ್ನು ಪುಟ್ (ಗೆಟ್ ಏರಿಸಿದ 1 ಇಳಿಸುವ ಕರೆ) ಮಾಡಿದರೆ 1023 ಶಾಶ್ವತವಾಗಿ ಉಳಿಯುತ್ತದೆ.

ಡ್ರೈವರ್ ಮಾಡ್ಯೂಲ್ ತೆಗೆದರೂ ಆ ಹಳೆಯ ಮೂರು ಪೇಜ್ ವಾಪಸ್ ಬರುವಂತಿರಲಿಲ್ಲ; ಎಣಿಕೆ ಇಳಿಸಬೇಕಾದ ಪಾಯಿಂಟರೇ ಕಳೆದುಹೋಗಿತ್ತು. ಹೊಸ ಬಿಲ್ಡ್‌ನೊಂದಿಗೆ ಯಂತ್ರ ಎಬ್ಬಿಸಿ, ಅರೆಬರೆ ಬಫರ್‌ನ ಪರೀಕ್ಷೆಯೊಂದನ್ನೇ 1,000 ಸಲ ಓಡಿಸಿ, ಪ್ರಾಕ್‌ನ ವಿಎಂಸ್ಟ್ಯಾಟ್‌ನಲ್ಲಿ ಪಿನ್ ತೆಗೆದುಕೊಂಡ ಮತ್ತು ಬಿಟ್ಟ ಎರಡು ಎಣಿಕೆಗಳನ್ನು ತಾಳೆ ನೋಡಿದೆವು. ಎರಡೂ ಸಮ. ಹದಿನಾರೂ ಬ್ಲಾಕ್ ಆಫ್‌ಲೈನ್ ಆದವು, ಡಿಮ್ ಕಳಚಿತು.