ಬೀಟೆ ಮರದಲ್ಲಿ ಯಾಕೆ ಮಾಡಲ್ಲ?

ಕೋವಿಗೆ ಹೊಸ ಸ್ಟಾಕ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಮರದ ಭಾಗ, ಹಾಕಿಸಲು ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಇದನ್ನೇ. "ಅಣ್ಣಾ, ನಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಬೀಟೆ ಹಲಗೆ ಇದೆ. ಅದನ್ನು ಬಿಟ್ಟು ಕಾಶ್ಮೀರದ ಅಕ್ರೋಟು ಮರ ಯಾಕೆ?"

ಕೊಡಗಿನಲ್ಲಿ ಈ ಪ್ರಶ್ನೆ ಬರುವುದು ಸಹಜ. ಇಲ್ಲಿ ಕೋವಿ ದೇವರ ಕೋಣೆಯ ವಸ್ತು. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೂ) ಕೋವಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಹಾಗಾಗಿ ಮನೆತನದ ಕೋವಿಗೆ ಮನೆಯದೇ ಮರ ಇರಲಿ ಅನ್ನುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಬೀಟೆ ಒಳ್ಳೆಯ ಮರ. ಮಂಚಕ್ಕೆ, ಬಾಗಿಲಿಗೆ ಅದಕ್ಕಿಂತ ಬೇಕಾ? ಆದರೆ ಸ್ಟಾಕ್ ಪ್ರತಿ ಗುಂಡಿಗೂ ಒಂದು ಪೆಟ್ಟು ತಿನ್ನಬೇಕು. ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 830 ಕೆಜಿ ತೂಗುತ್ತದೆ, ಅಕ್ರೋಟು 640. ಅಕ್ರೋಟಿನಲ್ಲಿ ಒಂದು ಕೆಜಿ ಬರುವ ಸ್ಟಾಕ್ ಬೀಟೆಯಲ್ಲಿ 1.3 ಕೆಜಿ ಆಗುತ್ತದೆ. ತೂಕ ಜಾಸ್ತಿಯಾದರೆ ಕೋವಿ ಒದೆಯುವುದು ಕಮ್ಮಿ, ಅದು ನಿಜ. ಆದರೆ ಭಾರವೆಲ್ಲ ಹಿಂದೆ ಸೇರಿ, ಭುಜಕ್ಕೆ ಎತ್ತಿದಾಗ ನಳಿಗೆ ಮೇಲಕ್ಕೆ ತೇಲಿದ ಹಾಗಾಗುತ್ತದೆ. ಉಳಿ ಇಟ್ಟರೆ ಅಂಚು ಚಕ್ಕೆ ಏಳುತ್ತದೆ. ಇನ್ನೊಂದು ತೊಂದರೆ, ಬೀಟೆಯಲ್ಲಿರುವ ಅಂಟು ಅಂಶ ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ. ವಾರ ಕಳೆದರೂ ಕೈಗೆ ಜಿಗುಟು. ಅಕ್ರೋಟು ಹಾಗಲ್ಲ. ಹಗುರ, ಆದರೆ ಗಟ್ಟಿ. ಉಳಿಯ ಮಾತು ಕೇಳುತ್ತದೆ, ಎಣ್ಣೆ ಕುಡಿಯುತ್ತದೆ, ಒಮ್ಮೆ ಒಣಗಿದರೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ.

ಮರ ಯಾವುದು ಅನ್ನುವುದಕ್ಕಿಂತ ದೊಡ್ಡ ಮಾತು ಒಂದಿದೆ. ಎಳೆ ಯಾವ ಕಡೆ ಹೋಗಿದೆ?

ಅಕ್ರೋಟು ಮರದ ಬುಡದಲ್ಲಿ, ಬೇರು ಶುರುವಾಗುವ ಕಡೆ, ಮತ್ತೆ ಕೊಂಬೆ ಕವಲೊಡೆಯುವ ಕಡೆ ನಾರು ತಿರುಚಿಕೊಂಡಿರುತ್ತದೆ. ಅಲ್ಲಿಂದಲೇ ಆ ಚಿತ್ತಾರ ಬರುವುದು. ಕಂದು ಬಣ್ಣದ ಮೇಲೆ ಕಪ್ಪು ಹೊಗೆ ಹರಿದ ಹಾಗೆ, ಎಣ್ಣೆ ಹಚ್ಚಿದರೆ ಒಳಗಿಂದ ಬೆಳಕು ಬಂದ ಹಾಗೆ. ನೋಡಿದರೆ ಯಾರಿಗಾದರೂ ಬೇಕು ಅನ್ನಿಸುತ್ತದೆ. ಆದರೆ ನಾರು ತಿರುಚಿದ ಕಡೆ ಬಲ ಕಮ್ಮಿ. ಸ್ಟಾಕಿನಲ್ಲಿ ಅತಿ ಸಣ್ಣ ಜಾಗ ಟ್ರಿಗರ್ ಹಿಂದೆ ಕೈ ಹಿಡಿಯುವ ಕತ್ತು. ಗುಂಡು ಹಾರಿದಾಗ ಪೆಟ್ಟೆಲ್ಲ ಆ ಕತ್ತನ್ನು ದಾಟಿಯೇ ಭುಜಕ್ಕೆ ಬರಬೇಕು. ಅಲ್ಲಿ ಎಳೆ ನೇರವಾಗಿ, ಉದ್ದಕ್ಕೂ ತುಂಡಾಗದೆ ಹೋಗಿರಬೇಕು. ಚಿತ್ತಾರ ಏನಿದ್ದರೂ ಭುಜದ ಕಡೆಯ ಅಗಲ ಭಾಗದಲ್ಲಿ ಇರಲಿ.

ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಹಲಗೆ ಕಳೆದುಕೊಂಡು. ಕೆಲಸ ಕಲಿತು ಎರಡನೇ ವರ್ಷ, ಮಾವನ ಜೋಡುನಳಿಗೆ ಕೋವಿಗೆ ಸ್ಟಾಕ್ ಮಾಡಿದೆ. ಆ ಹಲಗೆಯಲ್ಲಿ ಕತ್ತಿನ ಜಾಗಕ್ಕೇ ಸರಿಯಾಗಿ ಒಂದು ಸುಳಿ ಬಂದಿತ್ತು. ನಮೂನೆ ಕಾಗದವನ್ನು ಎರಡು ಇಂಚು ಮುಂದೆ ಸರಿಸಿದ್ದರೆ ಸುಳಿ ತಪ್ಪುತ್ತಿತ್ತು. ನಾನು ಬೇಕೆಂದೇ ಅದನ್ನು ನಡುವೆ ಇಟ್ಟೆ. ಸುಗ್ಗಿ ಹಬ್ಬ ಪುತ್ತರಿಯ ದಿನ ಮಾವ ಗದ್ದೆಯಲ್ಲಿ ಗುಂಡು ಹಾರಿಸಿದರು. ನಾಲ್ಕನೇ ಗುಂಡಿಗೆ ಕೂದಲೆಳೆಯಷ್ಟು ಬಿರುಕು, ಸುಳಿಯ ಅಂಚಿನಲ್ಲೇ. ಮಾವ ಏನೂ ಬೈಯಲಿಲ್ಲ. "ಇದನ್ನು ಇಟ್ಟುಕೋ, ಮುಂದಿನದು ಮಾಡುವಾಗ ನೋಡ್ಕೋ" ಅಂದರು. ಇವತ್ತಿಗೂ ನನ್ನ ಮೇಜಿನ ಮೇಲೆ ಇದೆ.

ಒಣಗಿಸುವುದೂ ಅಷ್ಟೇ ಮುಖ್ಯ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಸ್ಟಾಕಿಗೆ ಎರಡೂವರೆ ಇಂಚು ದಪ್ಪ ಬೇಕು, ನಮ್ಮದು ಮಳೆಯ ಊರು ಬೇರೆ. ನಾನು ಹಲಗೆಯ ಎರಡು ತುದಿಗೂ ಮೇಣ ಬಳಿದು ನೆರಳಲ್ಲಿಡುತ್ತೇನೆ. ತಿಂಗಳಿಗೊಮ್ಮೆ ತೂಗಿ, ತೂಕವನ್ನು ಮರದ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ತೂಕ ಇಳಿಯುವುದು ನಿಲ್ಲುವವರೆಗೆ ಉಳಿ ಮುಟ್ಟಿಸುವುದಿಲ್ಲ.

ನನಗೆ ಅತಿ ಇಷ್ಟದ ಕೆಲಸ ಕಬ್ಬಿಣವನ್ನು ಮರದಲ್ಲಿ ಕೂರಿಸುವುದು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಲೋಹದ ಭಾಗಕ್ಕೆ ತೆಳ್ಳಗೆ ಸವರಬೇಕು. ಮರದಲ್ಲಿ ಇಟ್ಟು ಒತ್ತಿ, ಎತ್ತಬೇಕು. ಎಲ್ಲಿ ತಾಗಿದೆಯೋ ಅಲ್ಲಿ ಮಾತ್ರ ಕಪ್ಪು ಚುಕ್ಕೆ. ಆ ಚುಕ್ಕೆಯನ್ನು ಮಾತ್ರ ಉಳಿಯಲ್ಲಿ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಶುರುವಿನಲ್ಲಿ ಮೂರೋ ನಾಲ್ಕೋ ಚುಕ್ಕೆ ಇರುತ್ತವೆ. ನೂರಾರು ಸಲ ಎತ್ತಿ ಇಟ್ಟ ಮೇಲೆ ಪೂರ್ತಿ ಜಾಗ ಒಂದೇ ಸಮ ಕಪ್ಪಾಗುತ್ತದೆ. ಆಗ ಪೆಟ್ಟು ಒಂದೇ ಕಡೆ ಬೀಳದೆ ಮರದ ತುಂಬ ಹಂಚಿಹೋಗುತ್ತದೆ. ಅವಸರ ಮಾಡಿ ಒಂದು ಚಕ್ಕೆ ಜಾಸ್ತಿ ತೆಗೆದರೆ ಅದನ್ನು ವಾಪಸ್ ಹಾಕಲು ಆಗುವುದಿಲ್ಲ ಅಲ್ವಾ?

ರೈಫಲ್ ಆದರೆ ಇನ್ನೊಂದು ಎಚ್ಚರ ಬೇಕು. ಜೂನ್ ಬಂತೆಂದರೆ ಮರ ನೀರು ಹೀರಿ ಉಬ್ಬುತ್ತದೆ. ಮುಂದಿನ ಭಾಗ ಉಬ್ಬಿ ನಳಿಗೆಯನ್ನು ಒಂದು ಕಡೆಗೆ ಒತ್ತಿದರೆ ಗುರಿ ತಪ್ಪುತ್ತದೆ. ಪಾಯಿಂಟ್ 22 ರೈಫಲ್ ಹಿಡಿದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುವವರಿಗೆ ಹೇಳುತ್ತೇನೆ: ಹತ್ತು ರೂಪಾಯಿ ನೋಟನ್ನು ಮಡಚಿ ನಳಿಗೆಗೂ ಮರಕ್ಕೂ ನಡುವೆ ಎಳೆದು ನೋಡಿ. ಎಲ್ಲೂ ಸಿಕ್ಕದೆ ಜಾರಬೇಕು. ಸಿಕ್ಕಿಕೊಂಡರೆ ನನ್ನ ಹತ್ತಿರ ತನ್ನಿ.

ಎಣ್ಣೆಯ ವಿಷಯ ಜಾಸ್ತಿ ಹೇಳುವುದಿಲ್ಲ. ಮರವನ್ನು ಒದ್ದೆ ಮಾಡಿ, ಏಳುವ ನಾರನ್ನು ಉಪ್ಪುಕಾಗದದಲ್ಲಿ ತೆಗೆದು, ಆಮೇಲೆ ಅಂಗೈಯಲ್ಲೇ ತಿಕ್ಕುವುದು. ದಿನಕ್ಕೊಂದು ಕೈ, ಒಂದು ವಾರ. ಆಮೇಲೆ ವಾರಕ್ಕೊಂದು, ಒಂದು ತಿಂಗಳು. ಆಮೇಲಿನದು ಕೋವಿಯವರ ಕೆಲಸ.

ಹಾಗಾದರೆ ಅಜ್ಜನ ಬೀಟೆ? ಅದನ್ನು ತರಬೇಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹೊಸದಾಗಿ ಕಡಿಯುವುದು ಮಾತ್ರ ಬೇಡ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೋದ ವರ್ಷ ಒಬ್ಬ ಹಿರಿಯರು ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಮುರಿದ ಬಾಗಿಲ ಚೌಕಟ್ಟಿನ ಬೀಟೆ ತುಂಡು ತಂದರು. ಅವರ ರೈಫಲ್ಲಿನ ಅಕ್ರೋಟು ಸ್ಟಾಕಿನ ಮುಂತುದಿಗೆ ಅದರಲ್ಲೇ ಎರಡು ಬೆರಳುದ್ದದ ಮೂತಿ ಮಾಡಿ ಕೂಡಿಸಿದೆ. ಅಲ್ಲಿ ಪೆಟ್ಟು ಬೀಳುವುದಿಲ್ಲ. ತೆಗೆದುಕೊಂಡು ಹೋಗಲು ಬಂದಾಗ ಅವರು ಆ ಕಪ್ಪು ತುದಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಚೌಕಟ್ಟಿನ ವಾಸನೆ ಇನ್ನೂ ಇದೆ" ಅಂದರು.