ಸ್ಟ್ಯಾಂಡ್‌ಬೈ ಕಟ್ಟಿ, ಪ್ರೈಮರಿಯನ್ನು ಬೇಕೆಂದೇ ಬೀಳಿಸಿದ ದಿನ

ನಮ್ಮ ಅಪ್ಲಿಕೇಶನ್ ಪೂರ್ತಿ ಒಂದೇ ಒಂದು ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್ ಮೇಲೆ ನಿಂತಿತ್ತು. ರಾತ್ರಿ ಬ್ಯಾಕಪ್ ಆಗುತ್ತಿತ್ತು, ಅದು ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಸಂಜೆ ಡಿಸ್ಕ್ ಕೆಟ್ಟರೆ ಆ ದಿನದ ಕೆಲಸವೆಲ್ಲ ಹೋದ ಹಾಗೆ. ಬ್ಯಾಕಪ್ ತುಂಬಿಸಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತು ಎಲ್ಲರೂ ಕಾಯಬೇಕು. ಕೊನೆಗೂ ಇನ್ನೊಂದು ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಸ್ಟ್ಯಾಂಡ್‌ಬೈ, ಅಂದರೆ ಮುಖ್ಯ ಸರ್ವರ್ (ಪ್ರೈಮರಿ) ಬಿದ್ದರೆ ಅದರ ಜಾಗಕ್ಕೆ ಬರುವ ನಕಲು ಸರ್ವರ್ ಕಟ್ಟುವ ಕೆಲಸ ನನಗೂ ಒಬ್ಬ ಸಹೋದ್ಯೋಗಿಗೂ ಬಂತು. ಒಂದು ರಜೆ ದಿನ ಆರಿಸಿಕೊಂಡೆವು. ಬೆಳಗ್ಗೆ ಒಂದು ರೀಸ್ಟಾರ್ಟ್, ಸಂಜೆ ಕೆಲವು ಗಂಟೆ ಪೂರ್ತಿ ನಿಲುಗಡೆ. ನನ್ನ ಷರತ್ತು ಒಂದೇ ಇತ್ತು: ರಾತ್ರಿಯಾಗುವುದರೊಳಗೆ ಪ್ರೈಮರಿಯನ್ನು ನಾವೇ ಬೀಳಿಸಿ ನೋಡಬೇಕು. ಹಾಗೆ ಪರೀಕ್ಷಿಸದ ಸ್ಟ್ಯಾಂಡ್‌ಬೈಯನ್ನು ನಾನು ನಂಬುವುದಿಲ್ಲ.

ಇಡೀ ಏರ್ಪಾಡು ನಿಂತಿರುವುದು ಲಾಗ್ ಮೇಲೆ. ಲೆಕ್ಕ ಬರೆಯುವವರು ಮೊದಲು ದಿನವಹಿಯಲ್ಲಿ ಬರೆದು, ಆಮೇಲೆ ನಿಧಾನವಾಗಿ ಖಾತೆಗೆ ಏರಿಸುತ್ತಾರಲ್ಲ, ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಯಾವ ಬದಲಾವಣೆಯಾದರೂ ಮೊದಲು ಲಾಗ್‌ಗೆ ಹೋಗಿ ಡಿಸ್ಕ್ ಮೇಲೆ ಕೂರಬೇಕು. ಆಗಲೇ ಕಮಿಟ್ ಆಯಿತು, ಅಂದರೆ ಬದಲಾವಣೆ ಖಾಯಂ ಆಯಿತು ಎಂಬ ಉತ್ತರ ಬರುತ್ತದೆ. ಟೇಬಲ್ ಇರುವ ಫೈಲುಗಳು ಆಮೇಲೆ ಬಿಡುವಾದಾಗ ಬದಲಾಗುತ್ತವೆ. ಸರ್ವರ್ ದಿಢೀರ್ ಬಿದ್ದು ಎದ್ದಾಗ ಲಾಗ್ ಓದಿ ಬಾಕಿ ಕೆಲಸ ಮುಗಿಸುವುದೂ ಇದೇ ಕಾರಣಕ್ಕೆ. ಅದೇ ಲಾಗನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು, ಓದುತ್ತಲೇ ಇರು ಎಂದರೆ ಅದೇ ಸ್ಟ್ಯಾಂಡ್‌ಬೈ. ಲಾಗ್ ಫೈಲುಗಳನ್ನು ಬೇರೆಡೆ ಕೂಡಿಡುವ ಸೌಲಭ್ಯ (ಆರ್ಕೈವ್) 2005ರಲ್ಲಿ 8.0 ಆವೃತ್ತಿಯ ಜೊತೆ ಬಂತು. ಲಾಗನ್ನು ನೇರವಾಗಿ ನೆಟ್‌ವರ್ಕ್ ಮೇಲೆ ಹರಿಸುವುದು, ಸ್ಟ್ಯಾಂಡ್‌ಬೈ ಮೇಲೆ ಓದುವ ಕ್ವೆರಿ ನಡೆಸುವುದು 2010ರ 9.0ರಲ್ಲಿ ಬಂದವು. ಈಗ ನಮ್ಮಂಥ ಸಣ್ಣ ತಂಡಕ್ಕೂ ಇದು ಒಂದು ದಿನದ ಕೆಲಸ. ಇದನ್ನು ಸಾಧ್ಯ ಮಾಡಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಬೆಳಗ್ಗೆ ಮೊದಲ ಚರ್ಚೆ ಆಪರೇಟಿಂಗ್ ಸಿಸ್ಟಮ್ ಬಗ್ಗೆ ನಡೆಯಿತು. ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಎರಡೂ ಕಡೆ ಒಂದೇ ಇರಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಹೊಸ ಯಂತ್ರದಲ್ಲಿ ಲಿನಕ್ಸ್ ಹೊಸದಿತ್ತು, ಹಳೆಯದರಲ್ಲಿ ಹಳೆಯದು. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂದು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. 2018ರ ಜಿಲಿಬ್‌ಸಿ 2.28ರಲ್ಲಿ ಆ ಕ್ರಮವೇ ದೊಡ್ಡದಾಗಿ ಬದಲಾಯಿತು. ಸ್ಟ್ಯಾಂಡ್‌ಬೈಗೆ ಬರುವುದು ಬೈಟ್ ಬೈಟ್ ನಕಲು, ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ) ಕೂಡ ಹಳೇ ಕ್ರಮದಲ್ಲೇ ಬರುತ್ತದೆ. ಹೊಸ ಲೈಬ್ರರಿ ಅದನ್ನು ಹೊಸ ಕ್ರಮದಲ್ಲಿ ಹುಡುಕುತ್ತದೆ. ಹೆಸರು ಟೇಬಲ್‌ನಲ್ಲಿ ಇದ್ದರೂ ಇಂಡೆಕ್ಸ್ ಮೂಲಕ ಹುಡುಕಿದರೆ ಸಿಗದೇ ಹೋಗಬಹುದು. ಎರರ್ ಕೂಡ ಬರುವುದಿಲ್ಲ, ಅದೇ ಭಯ. ಇದು ಸ್ವಲ್ಪ ಜಾಸ್ತಿ ಆಯಿತು ಎಂದು ಸಹೋದ್ಯೋಗಿಗೆ ಅನಿಸಿತು. ನಾನು ಬಿಡಲಿಲ್ಲ. ಹಳೆಯ ಯಂತ್ರದಲ್ಲಿದ್ದ ಅದೇ ಲಿನಕ್ಸನ್ನು ಹೊಸದರಲ್ಲೂ ಹಾಕಿಸಿ ಮುಂದುವರಿದೆವು.

ಪ್ರೈಮರಿಯಲ್ಲಿ ಬದಲಿಸಬೇಕಾದದ್ದು ತೀರಾ ಕಡಿಮೆ. ರಿಪ್ಲಿಕೇಶನ್‌ಗೆ (ಹೀಗೆ ನಕಲು ನಡೆಸುವುದಕ್ಕೆ) ಬೇಕಾದ ಮಟ್ಟದಲ್ಲಿ ಲಾಗ್ ಬರೆಯುವುದು, ಲಾಗ್ ಕಳಿಸುವ 10 ಪ್ರಕ್ರಿಯೆಗಳಿಗೆ ಅವಕಾಶ, ಇವೆಲ್ಲ 10ನೇ ಆವೃತ್ತಿಯಿಂದ ಮೊದಲೇ ಇರುತ್ತವೆ. ರಿಪ್ಲಿಕೇಶನ್ ಹಕ್ಕು ಮಾತ್ರ ಇರುವ ಒಬ್ಬ ಬಳಕೆದಾರನನ್ನು ಮಾಡಿದೆವು. ಯಾರು ಎಲ್ಲಿಂದ ಬರಬಹುದು ಎಂದು ಹೇಳುವ ಎಚ್‌ಬಿಎ ಫೈಲಿನಲ್ಲಿ ಅವನಿಗೆಂದೇ ಒಂದು ಸಾಲು ಸೇರಿಸಿದೆವು. ಅಲ್ಲಿ ಎಲ್ಲ ಡೇಟಾಬೇಸ್‌ಗೂ ಅನ್ವಯ ಎಂದು ಬರೆದ ಸಾಲು ರಿಪ್ಲಿಕೇಶನ್‌ಗೆ ಅನ್ವಯವಾಗುವುದಿಲ್ಲ, ಬೇರೆ ಸಾಲೇ ಬೇಕು. ರೀಸ್ಟಾರ್ಟ್ ಬೇಕಾಗಿದ್ದು ಎರಡು ವಿಷಯಕ್ಕೆ: ಆರ್ಕೈವ್ ಶುರು ಮಾಡಲು, ಮತ್ತು ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗ್ ಹಾಕಲು. ಎರಡನೆಯದರ ಬೆಲೆ ಸಂಜೆ ಗೊತ್ತಾಗುತ್ತದೆ.

ಆಮೇಲೆ ಬೇಸ್ ಬ್ಯಾಕಪ್. ಇಡೀ ದಿನದಲ್ಲಿ ನನಗೆ ತುಂಬಾ ಹಿಡಿಸುವ ಹಂತ ಇದು. ಪ್ರೈಮರಿ ಕೆಲಸ ಮಾಡುತ್ತಲೇ ಇರುತ್ತದೆ, ಅದರ ಫೈಲುಗಳು ನಕಲಾಗುತ್ತಾ ಹೋಗುತ್ತವೆ. ಮೊದಲ ಫೈಲ್ ನಕಲಾದ ಹೊತ್ತಿಗೂ ಕೊನೆಯ ಫೈಲ್ ನಕಲಾದ ಹೊತ್ತಿಗೂ ನಡುವೆ ಎಷ್ಟೋ ಬದಲಾಗಿರುತ್ತದೆ. ಅಂದರೆ ಕೈಗೆ ಬರುವ ನಕಲು ಒಳಗೊಳಗೇ ತಾಳೆಯಾಗದ ನಕಲು. ಹಾಗೇ ಬಿಟ್ಟರೆ ಅದಕ್ಕೆ ಬೆಲೆಯಿಲ್ಲ. ಆದರೆ ನಕಲಿನ ಜೊತೆಗೆ ಆ ಹೊತ್ತಿನ ಲಾಗ್ ಕೂಡ ಬರುತ್ತಿರುತ್ತದೆ. ಶುರುವಿನ ಚೆಕ್‌ಪಾಯಿಂಟ್‌ನಿಂದ (ಅಲ್ಲಿವರೆಗಿನ ಬದಲಾವಣೆಗಳೆಲ್ಲ ಫೈಲಿಗೆ ಸೇರಿದ ಗುರುತು) ಆ ಲಾಗನ್ನು ಓದಿಸಿದರೆ ಫೈಲುಗಳ ಎಲ್ಲ ಪುಟಗಳೂ ಒಂದೇ ಕ್ಷಣಕ್ಕೆ ಬಂದು ನಿಲ್ಲುತ್ತವೆ. ತಾಳೆಯಿಲ್ಲದ ಫೈಲುಗಳನ್ನು ಲಾಗ್ ಸರಿ ಮಾಡಿಬಿಡುತ್ತದೆ!

ಕಮಾಂಡ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಏನೂ ಆಗದ ಹಾಗೆ ಕಂಡಿತು. ನಿಂತುಹೋಗಿದೆ, ರದ್ದು ಮಾಡೋಣವಾ ಎಂದು ಸಹೋದ್ಯೋಗಿ ಕೇಳಿದರು. ಅದು ಚೆಕ್‌ಪಾಯಿಂಟ್‌ಗೆ ಕಾಯುವ ಹೊತ್ತು. ಪ್ರೈಮರಿಗೆ ಭಾರವಾಗದಿರಲಿ ಎಂದು ಅದನ್ನು ನಿಧಾನವಾಗಿ ಮಾಡುತ್ತದೆ, ಅವಸರವಿದ್ದರೆ ತಕ್ಷಣ ಮಾಡು ಎಂದೂ ಹೇಳಬಹುದು. ನಾವು ಕಾದೆವು. ನಕಲು ಮುಗಿದು ಸ್ಟ್ಯಾಂಡ್‌ಬೈ ಶುರುವಾಯಿತು. ಅದರ ಸಂದೇಶಗಳಲ್ಲಿ ತಾಳೆಯಾದ ಸ್ಥಿತಿ ತಲುಪಿದೆ, ಪ್ರೈಮರಿಯಿಂದ ಲಾಗ್ ಹರಿಯುತ್ತಿದೆ ಎಂಬ ಎರಡು ಸಾಲು ಕಂಡವು. ಪ್ರೈಮರಿಯಲ್ಲಿ ಒಂದು ಸಾಲು ಸೇರಿಸಿದೆ. ಸ್ಟ್ಯಾಂಡ್‌ಬೈಯಲ್ಲಿ ಕೇಳುವಷ್ಟರಲ್ಲಿ ಅದು ಅಲ್ಲಿತ್ತು. ಅಲ್ಲೇ ಬರೆಯಲು ನೋಡಿದರೆ, ಇಲ್ಲಿ ಓದಲು ಮಾತ್ರ ಎಂದು ತಡೆಯಿತು. ಮುಗೀತಲ್ವಾ ಎಂದರು ಸಹೋದ್ಯೋಗಿ. ನನ್ನ ಪ್ರಕಾರ ಆಗ ಅರ್ಧ ದಾರಿಯೂ ಆಗಿರಲಿಲ್ಲ.

ಸ್ಟ್ಯಾಂಡ್‌ಬೈ ಸ್ವಲ್ಪ ಹೊತ್ತು ಇಲ್ಲದೇ ಹೋದರೆ ಏನು ಮಾಡುವುದು? ಲಾಗ್ ಫೈಲುಗಳು 16 ಎಂಬಿಯ ತುಂಡುಗಳು. ಬೇಕಿಲ್ಲ ಎಂದಾದ ತುಂಡನ್ನು ಪ್ರೈಮರಿ ಅಳಿಸುತ್ತದೆ ಅಥವಾ ಮತ್ತೆ ಬಳಸುತ್ತದೆ. ಸ್ಟ್ಯಾಂಡ್‌ಬೈ ಎದ್ದು ಬಂದು ಕೇಳಿದಾಗ ಆ ತುಂಡು ಇಲ್ಲದಿದ್ದರೆ, ಬೇಸ್ ಬ್ಯಾಕಪ್ ಮತ್ತೆ ಮೊದಲಿಂದ. ಇದಕ್ಕೆ ಮದ್ದು 2014ರ 9.4ರಲ್ಲಿ ಬಂದ ರಿಪ್ಲಿಕೇಶನ್ ಸ್ಲಾಟ್. ಸ್ಟ್ಯಾಂಡ್‌ಬೈ ಎಲ್ಲಿವರೆಗೆ ಪಡೆದಿದೆ ಎಂದು ಸ್ಲಾಟ್ ನೆನಪಿಡುತ್ತದೆ, ಅಲ್ಲಿಂದ ಮುಂದಿನದನ್ನು ಅಳಿಸಲು ಬಿಡುವುದಿಲ್ಲ. ಆದರೆ ಸ್ಟ್ಯಾಂಡ್‌ಬೈ ಸತ್ತೇ ಹೋಗಿ, ಯಾರೂ ಗಮನಿಸದೇ ಇದ್ದರೆ ಪ್ರೈಮರಿಯ ಡಿಸ್ಕ್ ಲಾಗ್‌ನಿಂದ ತುಂಬುತ್ತದೆ. ಡಿಸ್ಕ್ ತುಂಬಿದರೆ ಪ್ರೈಮರಿಯೂ ನಿಲ್ಲುತ್ತದೆ. ಕಾಪಾಡಲು ತಂದದ್ದೇ ಕೊಂದ ಹಾಗೆ. ಸ್ಲಾಟ್ ಎಷ್ಟು ಲಾಗ್ ಹಿಡಿದಿಡಬಹುದು ಎಂಬ ಮಿತಿ 2020ರ 13ನೇ ಆವೃತ್ತಿಯಿಂದ ಇದೆ, ಆದರೆ ನಾವಾಗಿ ಹಾಕದಿದ್ದರೆ ಮಿತಿಯೇ ಇಲ್ಲ. ಡಿಸ್ಕ್‌ನಲ್ಲಿ ಎಷ್ಟು ಜಾಗ ಬಿಟ್ಟುಕೊಡಬಹುದು ಎಂದು ಲೆಕ್ಕ ಹಾಕಿ ಮಿತಿ ಇಟ್ಟೆವು. ಅದನ್ನು ಮೀರಿದರೆ ಸ್ಟ್ಯಾಂಡ್‌ಬೈ ಹಿಂದೆ ಬೀಳಲಿ, ಪ್ರೈಮರಿ ಬದುಕಲಿ ಎಂಬುದು ನಮ್ಮ ತೀರ್ಮಾನ. ಹಿಂದೆ ಬಿದ್ದ ಸ್ಟ್ಯಾಂಡ್‌ಬೈಗೆ ಆಸರೆಯಾಗಿ ಎರಡೂ ಯಂತ್ರಗಳಲ್ಲಿ ಇಲ್ಲದ ಮೂರನೇ ಜಾಗದಲ್ಲಿ ಆರ್ಕೈವ್ ಇಟ್ಟೆವು. ಮಧ್ಯಾಹ್ನ ಸ್ಟ್ಯಾಂಡ್‌ಬೈ ನಿಲ್ಲಿಸಿ, ಪ್ರೈಮರಿಗೆ ಭಾರ ಕೊಟ್ಟು, ಮಿತಿ ದಾಟಿಸಿ ನೋಡಿದೆವು. ಮತ್ತೆ ಶುರು ಮಾಡಿದಾಗ ಅದು ಆರ್ಕೈವ್‌ನಿಂದ ತುಂಡುಗಳನ್ನು ತಂದು ಓದಿ, ಪ್ರೈಮರಿಯನ್ನು ಮುಟ್ಟಿತು. ಕೆಟ್ಟುಹೋದ ಸ್ಲಾಟನ್ನು ತೆಗೆದು ಹೊಸದು ಮಾಡಿದೆವು.

ಎಷ್ಟು ಹಿಂದಿದೆ ಎಂದು ಅಳೆಯುವುದನ್ನು ಬೈಟ್‌ಗಳಲ್ಲೇ ಇಟ್ಟೆವು. ಕೊನೆಯದಾಗಿ ಓದಿದ ಟ್ರಾನ್ಸಾಕ್ಷನ್ ಎಷ್ಟು ಸೆಕೆಂಡ್ ಹಳೆಯದು ಎಂದು ಕೇಳುವುದು ಸುಲಭ. ಆದರೆ ಯಾರೂ ಏನೂ ಬರೆಯದ ಹೊತ್ತಿನಲ್ಲಿ ಆ ಸಂಖ್ಯೆ ಸುಮ್ನೆ ಬೆಳೆಯುತ್ತಾ ಹೋಗುತ್ತದೆ, ಎಚ್ಚರಿಕೆ ಗಂಟೆ ಬಾರಿಸುತ್ತಾ ಇರುತ್ತದೆ.

ವರದಿಗಳನ್ನೆಲ್ಲ ಸ್ಟ್ಯಾಂಡ್‌ಬೈ ಮೇಲೆ ನಡೆಸೋಣ ಎಂಬ ಆಸೆ ತಂಡದಲ್ಲಿತ್ತು. ನಾನು ಬೇಡವೆಂದೆ. ಉದ್ದದ ಕ್ವೆರಿ ಓದುತ್ತಿರುವ ಹಳೇ ಸಾಲುಗಳನ್ನು ಅಳಿಸು ಎಂದು ಲಾಗ್ ಹೇಳಿದರೆ ಸ್ಟ್ಯಾಂಡ್‌ಬೈ ಏನು ಮಾಡಬೇಕು? ಸುಮ್ಮನೆ ಬಿಟ್ಟರೆ 30 ಸೆಕೆಂಡ್ ತಡೆದು ಕ್ವೆರಿಯನ್ನೇ ರದ್ದು ಮಾಡುತ್ತದೆ. ಆ ಹೊತ್ತು ಹೆಚ್ಚಿಸಿದರೆ ಸ್ಟ್ಯಾಂಡ್‌ಬೈ ಹಿಂದೆ ಬೀಳುತ್ತದೆ. ಇಲ್ಲಿನ ಕ್ವೆರಿಗೆ ಹಳೇ ಸಾಲುಗಳು ಇನ್ನೂ ಬೇಕು ಎಂದು ಪ್ರೈಮರಿಗೇ ತಿಳಿಸುವ ಸೆಟ್ಟಿಂಗ್ ಹಾಕಿದರೆ ಅಲ್ಲಿ ಹಳೇ ಸಾಲುಗಳ ಕಸ ಸೇರುತ್ತದೆ. ನಮ್ಮ ಸ್ಟ್ಯಾಂಡ್‌ಬೈ ಇರುವುದು ಪ್ರೈಮರಿ ಬಿದ್ದಾಗ ಎದ್ದು ನಿಲ್ಲಲು. ಅದಕ್ಕೆ ಬೇರೆ ಕೆಲಸ ಹೊರಿಸಲು ನನಗೆ ಮನಸ್ಸಿರಲಿಲ್ಲ.

ಸಂಜೆ ಅಪ್ಲಿಕೇಶನ್ ನಿಲ್ಲಿಸಿದೆವು. ಒಂದು ಸಣ್ಣ ಸ್ಕ್ರಿಪ್ಟ್ ಪರೀಕ್ಷೆಯ ಟೇಬಲ್‌ಗೆ 1, 2, 3 ಎಂದು ಬರೆಯುತ್ತಾ ಹೋಗುವಂತೆ ಮಾಡಿದೆವು. ಕಮಿಟ್ ಆಯಿತು ಎಂಬ ಉತ್ತರ ಬಂದ ಸಂಖ್ಯೆಯನ್ನು ಅದು ತನ್ನ ಬಳಿ ಬೇರೆ ಬರೆದಿಡುತ್ತಿತ್ತು. ಅದು ಓಡುತ್ತಿರುವಾಗಲೇ ಪ್ರೈಮರಿ ಯಂತ್ರದ ಪವರ್ ತೆಗೆದೆವು. ಹಳೆಯದು ತಾನಾಗಿ ಎದ್ದರೂ ಯಾರಿಗೂ ಸಿಗದಂತೆ, ಮುಂದಿನ ಹೆಜ್ಜೆಗೆ ಮೊದಲು ಅದರ ನೆಟ್‌ವರ್ಕ್ ಕೇಬಲ್ ಬಿಡಿಸಿದೆವು. ಇಬ್ಬರೂ ನಾನೇ ಪ್ರೈಮರಿ ಎಂದು ಬರೆಸಿಕೊಳ್ಳತೊಡಗಿದರೆ ಆಮೇಲೆ ಬಿಡಿಸುವುದು ಯಾರಿಂದಲೂ ಆಗದು. ನಂತರ ಸ್ಟ್ಯಾಂಡ್‌ಬೈಗೆ ಪ್ರಮೋಟ್ ಆಗು, ಇನ್ನು ನೀನೇ ಪ್ರೈಮರಿ ಎಂದೆವು. ಕ್ಷಣದಲ್ಲಿ ಆಯಿತು. ಲಾಗ್ ಫೈಲುಗಳ ಹೆಸರಿನ ಮೊದಲ ಎಂಟು ಅಂಕಿಗಳು ಟೈಮ್‌ಲೈನ್ (ಲಾಗ್‌ನ ಯಾವ ಕವಲು ಎಂಬ ಸಂಖ್ಯೆ), ಅಲ್ಲಿ 1 ಇದ್ದದ್ದು 2 ಆಯಿತು. ಅಪ್ಲಿಕೇಶನ್‌ನ ಕನೆಕ್ಷನ್ ಸಾಲಿನಲ್ಲಿ ಎರಡೂ ಯಂತ್ರಗಳ ವಿಳಾಸ ಮೊದಲೇ ಕೊಟ್ಟಿದ್ದೆವು, ಬರೆಯಲು ಬಿಡುವವರನ್ನೇ ಹುಡುಕು ಎಂದೂ ಹೇಳಿದ್ದೆವು. ಪರೀಕ್ಷೆಗೆಂದು ಒಮ್ಮೆ ಶುರು ಮಾಡಿದಾಗ ಅದು ತಾನೇ ಹೊಸದನ್ನು ಹಿಡಿಯಿತು.

ಈಗ ಸಂಖ್ಯೆಗಳನ್ನು ಹೋಲಿಸಿದೆವು. ಸ್ಕ್ರಿಪ್ಟ್ ಬಳಿ ಇದ್ದ ಕೊನೆಯ ಒಂದೆರಡು ಸಂಖ್ಯೆಗಳು ಹೊಸ ಪ್ರೈಮರಿಯಲ್ಲಿ ಇರಲಿಲ್ಲ. ಕಮಿಟ್ ಆಯಿತು ಎಂದು ಪ್ರೈಮರಿ ಹೇಳಿತ್ತು, ಆದರೆ ಆ ಲಾಗ್ ದಾಟಿ ಬರುವ ಮೊದಲೇ ಪವರ್ ಹೋಯಿತು. ಸ್ಟ್ಯಾಂಡ್‌ಬೈಗೆ ಕಾಯದೇ ಕಮಿಟ್ ಮಾಡುವ ಅಸಿಂಕ್ರೊನಸ್ ವಿಧಾನ ಎಂದರೆ ಹೀಗೇ ಎಂದು ಓದಿ ಗೊತ್ತಿತ್ತು. ಕಣ್ಣೆದುರು ಸಂಖ್ಯೆ ಇಲ್ಲದಿರುವುದನ್ನು ನೋಡಿದಾಗ ಸಹೋದ್ಯೋಗಿಯೂ ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ಯಾರದೋ ಹಣ ಕಟ್ಟಿದ ದಾಖಲೆಯಾಗಿದ್ದರೆ?

ಹಳೆಯ ಯಂತ್ರವನ್ನು ಸ್ಟ್ಯಾಂಡ್‌ಬೈ ಆಗಿ ಸೇರಿಸಲು ಪಿಜಿ ರಿವೈಂಡ್ ಎಂಬ ಸಾಧನ ಇದೆ. ದಾರಿ ಎಲ್ಲಿ ಕವಲೊಡೆಯಿತು ಎಂದು ನೋಡಿ, ಹಳೆಯದರಲ್ಲಿ ಆಮೇಲೆ ಬದಲಾದ ಪುಟಗಳ ಜಾಗಕ್ಕೆ ಹೊಸ ಪ್ರೈಮರಿಯ ಪುಟಗಳನ್ನು ತರುತ್ತದೆ. ಬೆಳಗಿನ ವಾಲ್ ಲಾಗ್ ಹಿಂಟ್ಸ್ ಬೇಕಾದದ್ದು ಇಲ್ಲಿ. ಅದು ಅಥವಾ ಡೇಟಾ ಚೆಕ್‌ಸಮ್ (ಪುಟ ಕೆಟ್ಟಿಲ್ಲವೇ ಎಂದು ನೋಡುವ ಲೆಕ್ಕ) ಇಲ್ಲದಿದ್ದರೆ ರಿವೈಂಡ್ ಆಗುವುದಿಲ್ಲ. ಆದರೆ ರಿವೈಂಡ್ ಮಾಡಿದ ಕ್ಷಣ ಆ ಕಳೆದ ಸಂಖ್ಯೆಗಳು ಹಳೆಯ ಯಂತ್ರದಿಂದಲೂ ಹೋಗುತ್ತವೆ. ಅಲ್ಲಿವರೆಗೆ ಅವು ಅಲ್ಲೇ ಇರುತ್ತವೆ. ಹಾಗಾಗಿ ಮೊದಲು ಆ ಡೇಟಾ ಡೈರೆಕ್ಟರಿಯ ಪೂರ್ತಿ ನಕಲು ತೆಗೆದೆವು. ಆರ್ಕೈವ್ ಆಫ್ ಮಾಡಿ, ನೆಟ್‌ವರ್ಕ್ ಇಲ್ಲದೆ ನಕಲನ್ನು ಎಬ್ಬಿಸಿ ಕೇಳಿದೆವು. ಸಂಖ್ಯೆಗಳು ಇದ್ದವು. ಅವನ್ನು ಕೈಯಲ್ಲೇ ಹೊಸ ಪ್ರೈಮರಿಗೆ ಸೇರಿಸಬಹುದು ಎಂದು ಖಾತ್ರಿಯಾಯಿತು. ರಿವೈಂಡ್‌ಗೆ ಮುಂಚೆ ನಕಲು ತೆಗೆಯುವುದನ್ನು ನಮ್ಮ ತುರ್ತು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು.

ಸಿಂಕ್ರೊನಸ್ ಮಾಡಿದರೆ, ಅಂದರೆ ಲಾಗ್ ಬಂತು ಎಂದು ಸ್ಟ್ಯಾಂಡ್‌ಬೈ ಹೇಳಿದ ಮೇಲೇ ಕಮಿಟ್ ಆಗುವಂತೆ ಮಾಡಿದರೆ, ಈ ನಷ್ಟ ಇರುವುದಿಲ್ಲ. ಆದರೆ ಒಂದೇ ಸ್ಟ್ಯಾಂಡ್‌ಬೈ ಇದ್ದಾಗ ಅದು ಬಿದ್ದರೆ ಪ್ರೈಮರಿಯ ಕಮಿಟ್‌ಗಳೆಲ್ಲ ಕಾಯುತ್ತಾ ನಿಲ್ಲುತ್ತವೆ. ಎರಡು ಸ್ಟ್ಯಾಂಡ್‌ಬೈ ಇದ್ದರೆ, ಇಬ್ಬರಲ್ಲಿ ಯಾರಾದರೂ ಒಬ್ಬರು ಉತ್ತರಿಸಿದರೆ ಸಾಕು ಎನ್ನಬಹುದು. ಹಣದ ಟ್ರಾನ್ಸಾಕ್ಷನ್‌ಗಳಿಗೆ ಮಾತ್ರ ಆ ಕಾಯುವಿಕೆ ಇಟ್ಟು ಉಳಿದವನ್ನು ಹಾಗೇ ಬಿಡಬಹುದು. ಯಾರೋ ಟೇಬಲ್ ಅಳಿಸಿದರೆ ಆ ಅಳಿಸುವಿಕೆಯೂ ಲಾಗ್‌ನಲ್ಲಿ ಹರಿದು ಸ್ಟ್ಯಾಂಡ್‌ಬೈಗೆ ಹೋಗುತ್ತದೆ, ಆದ್ದರಿಂದ ರಾತ್ರಿಯ ಬ್ಯಾಕಪ್ ಮುಂದುವರಿಯುತ್ತದೆ. ಕಳೆದ ಸಂಖ್ಯೆಗಳ ಪಟ್ಟಿಯನ್ನೂ ಈ ವಿವರಗಳನ್ನೂ ಇಟ್ಟು, ಮೂರನೇ ಯಂತ್ರ ಕೇಳುವ ಪತ್ರವನ್ನು ಆ ರಾತ್ರಿಯೇ ಕಳಿಸಿದೆವು.